ಕಚೇರಿಯಲ್ಲಿ ಆಡಿದ ಮಾತಿಗೆ ಕೆಲಸ ಹೋಗಬೇಕೇ?

ಕೇಳುಗರಿಗೆ ನಮಸ್ಕಾರ.

2017ರ ಜುಲೈನಲ್ಲಿ ಅಮೆರಿಕದ ಗೂಗಲ್ ಕಂಪನಿಯ ಎಂಜಿನಿಯರ್ ಜೇಮ್ಸ್ ಡಾಮೋರ್ ಹತ್ತು ಪುಟದ ಟಿಪ್ಪಣಿಯೊಂದನ್ನು ಬರೆದು ಕಂಪನಿಯೊಳಗೆ ಹಂಚಿದರು. ತಂತ್ರಜ್ಞಾನದ ಕೆಲಸದಲ್ಲಿ ಹೆಂಗಸರು ಕಡಿಮೆ ಇರುವುದಕ್ಕೆ ತಾರತಮ್ಯವೊಂದೇ ಕಾರಣವಲ್ಲ, ಹುಟ್ಟಿನಿಂದ ಬಂದ ವ್ಯತ್ಯಾಸವೂ ಸ್ವಲ್ಪ ಕಾರಣ ಇರಬಹುದು ಅನ್ನುವುದು ಅವರ ವಾದ. ಆಗಸ್ಟ್‌ನಲ್ಲಿ ಅದು ಹೊರಗೆ ಬಂತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು.

ಹಾಗಾದರೆ ಮಾತಿನ ಸ್ವಾತಂತ್ರ್ಯ ಎಲ್ಲಿ ಅಂತ ಎಷ್ಟೋ ಜನ ಕೇಳಿದರು. ಮಾತಿನ ಸ್ವಾತಂತ್ರ್ಯವನ್ನು ಕಾಯುವ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆಯೇ ಹೊರತು ಖಾಸಗಿ ಕಂಪನಿಯ ಕೈಯನ್ನಲ್ಲ. ಆ ವಾದ ಅಲ್ಲಿಗೆ ಮುಗಿಯಿತು.

ಆದರೆ ಅಲ್ಲಿ 1935ರ ಕಾರ್ಮಿಕ ಸಂಬಂಧ ಕಾಯ್ದೆ ಇದೆಯಲ್ಲ? ಕೆಲಸದ ಸ್ಥಿತಿಗತಿ ಬಗ್ಗೆ ನೌಕರರು ಒಟ್ಟಾಗಿ ದನಿ ಎತ್ತಿದರೆ ಅವರನ್ನು ಶಿಕ್ಷಿಸುವಂತಿಲ್ಲ. ಡಾಮೋರ್ ಅದರಡಿ ದೂರು ಕೊಟ್ಟರು. ಆ ಕಾಯ್ದೆಯನ್ನು ನೋಡಿಕೊಳ್ಳುವ ಸರ್ಕಾರಿ ಕಾರ್ಮಿಕ ಮಂಡಳಿಯ ವಕೀಲರು 2018ರ ಜನವರಿಯಲ್ಲಿ ಟಿಪ್ಪಣಿಯನ್ನು ಎರಡು ಪಾಲು ಮಾಡಿ ನೋಡಿದರು. ಕಂಪನಿಯ ನೀತಿಯನ್ನು ಟೀಕಿಸಿದ ಪಾಲಿಗೆ ರಕ್ಷಣೆ ಇರಬಹುದು. ಹೆಂಗಸರ ಹುಟ್ಟುಗುಣದ ಬಗ್ಗೆ ಬರೆದದ್ದಕ್ಕೆ ಇಲ್ಲ. ಗೂಗಲ್ ಕೆಲಸದಿಂದ ತೆಗೆದದ್ದು ಆ ಎರಡನೆಯದಕ್ಕೆ, ಹಾಗಾಗಿ ತಪ್ಪಿಲ್ಲ ಅಂದರು.

ಆ ಗೆರೆ ಎಳೆದ ಜಾಗ ಸರಿ ಅನ್ನಿಸುತ್ತದೆ ನನಗೆ. ಅಂಥ ಕಂಪನಿಗಳಲ್ಲಿ ಬಡ್ತಿಯ ವಿಷಯದಲ್ಲಿ ಜೊತೆಗಾರರು ಬರೆದುಕೊಡುವ ಮಾತಿಗೂ ತೂಕ ಇರುತ್ತದೆ. ನಾಳೆ ತನ್ನ ಕೆಲಸವನ್ನು ಅಳೆಯುವವನ ತಲೆಯಲ್ಲಿ ಏನಿದೆ ಅಂತ ಗೊತ್ತಾದ ಹೆಣ್ಣುಮಗಳು ನೆಮ್ಮದಿಯಾಗಿ ಕೂರುವುದು ಹೇಗೆ?

ಆದರೂ ಕಾನೂನು ಒಪ್ಪಿದ್ದೆಲ್ಲ ಜಾಣತನ ಅಲ್ವಲ್ಲ! ವೈವಿಧ್ಯದ ಬಗ್ಗೆ ಕಂಪನಿ ನಡೆಸಿದ ತರಬೇತಿಯ ನಂತರ ಅನಿಸಿಕೆ ಕೇಳಿದ್ದಕ್ಕೇ ಬರೆದೆ ಅಂತ ಡಾಮೋರ್ ಹೇಳಿದ್ದಾರೆ. ಟಿಪ್ಪಣಿಯಲ್ಲಿರುವ ಎಷ್ಟೋ ವಿಷಯ ಚರ್ಚೆಗೆ ತಕ್ಕದ್ದೇ ಅಂತ ಕಂಪನಿಯ ಮುಖ್ಯಸ್ಥ ಸುಂದರ್ ಪಿಚೈ ಅವರೇ ನೌಕರರಿಗೆ ಬರೆದಿದ್ದರು. ಕೇಳಿ, ಹೇಳಿಸಿಕೊಂಡು, ಆಮೇಲೆ ಮನೆಗೆ ಕಳಿಸಿದರೆ ಉಳಿದವರು ಏನು ಕಲಿಯುತ್ತಾರೆ? ಬಾಯಿ ಮುಚ್ಚಿಕೊಂಡಿರುವುದನ್ನು. ಮನಸ್ಸು ಬದಲಾಗುವುದಿಲ್ಲ. ಅದು ಸುಮ್ನೆ ಇಂಟರ್‌ವ್ಯೂ ಕೋಣೆಯಲ್ಲಿ ಕಡಿಮೆ ಅಂಕವಾಗಿ ಹೊರಬರುತ್ತದೆ. ಅದನ್ನು ಹಿಡಿಯುವುದು ಇನ್ನೂ ಕಷ್ಟ.

ಎದುರಿಗಿರುವ ಸಹೋದ್ಯೋಗಿಯನ್ನೇ ಗುರಿಮಾಡಿ ಬೈದವರ ಮಾತು ಬೇರೆ. ಅವರನ್ನು ತೆಗೆಯಲಿ. ಇಂಥ ಟಿಪ್ಪಣಿ ಬರೆದವರ ವಿಷಯದಲ್ಲಿ ಮಾತ್ರ ಮೊದಲು ಅವರ ಹಳೆಯ ದಾಖಲೆ ತೆಗೆಸಿ. ಹೆಂಗಸರಿಗೂ ಗಂಡಸರಿಗೂ ಹೇಗೆ ಅಂಕ ಕೊಟ್ಟಿದ್ದಾರೆ ನೋಡಿ. ಮೋಸ ಕಂಡರೆ ಅದೇ ದಿನ ಕಳಿಸಿ. ಕಾಣದಿದ್ದರೆ ಕೆಲಸದಲ್ಲಿ ಇರಲಿ, ಆದರೆ ಬೇರೆಯವರ ಬಡ್ತಿ ತೀರ್ಮಾನಿಸುವ ಕುರ್ಚಿ ಸದ್ಯಕ್ಕೆ ಬೇಡ.