ಹಳೆ ಜೀಪಿಗೆ ಸೀಟ್ ಬೆಲ್ಟ್: ಬೋಲ್ಟ್ ಯಾವುದಕ್ಕೆ ಬಿಗಿಯುತ್ತೀರಿ?

[ದೃಶ್ಯ: ಹಳೆ ಜೀಪಿನ ಫ್ಲೋರ್, ಹತ್ತಿರದಿಂದ]

ಈ ತೂತು ನೋಡಿ. ಇಲ್ಲೊಂದು ಬೆಲ್ಟಿನ ಬೋಲ್ಟ್ ಇತ್ತು. ಅಡಿಯಲ್ಲಿ ಇದ್ದದ್ದು ಒಂದು ಪುಟ್ಟ ವಾಷರ್, ಅಷ್ಟೇ. ಬೆಲ್ಟ್ ಹಿಡಿದು ಕೈಯಲ್ಲೇ ಜಗ್ಗಿದೆ. ಸುತ್ತಲಿನ ತಗಡು ಹಪ್ಪಳದ ಹಾಗೆ ಉಬ್ಬಿ ಬಂತು.

ಈಗ ಡಿಕ್ಕಿಯ ಲೆಕ್ಕ ಹಾಕಿ. 70 ಕೆಜಿ ತೂಕದವರ ಮೇಲೆ 20 ಜಿ, ಅಂದರೆ ಮೈತೂಕದ 20 ಪಟ್ಟು ಜಗ್ಗು ಬಿದ್ದರೆ ಬೆಲ್ಟ್ ತಡೆಯಬೇಕಾದದ್ದು ಹತ್ತಿರಹತ್ತಿರ 1,400 ಕೆಜಿ. ಬೆಲ್ಟ್ ತಡೆಯುತ್ತೆ. ತುಕ್ಕು ತಿಂದ ತಗಡು ತಡೆಯುತ್ತಾ?

ಹಾಗಾಗಿ ಮೊದಲ ಕೆಲಸ, ಒಂದು ಸ್ಕ್ರೂಡ್ರೈವರ್ ತಗೊಂಡು ಜೀಪಿನ ಅಡಿಗೆ ನುಗ್ಗಿ. ಬೋಲ್ಟ್ ಬರುವ ಜಾಗವನ್ನೆಲ್ಲ ಚುಚ್ಚಿ ನೋಡಿ. ಚುಚ್ಚಿದ್ದು ಒಳಗೆ ಹೋದರೆ ಆ ಜಾಗ ಕತ್ತರಿಸಿ ಹೊಸ ತಗಡು ಹಾಕಿಸಿ. ಆಮೇಲೆ ಬೆಲ್ಟಿನ ಮಾತು.

[ದೃಶ್ಯ: ಉಕ್ಕಿನ ಪ್ಲೇಟ್, ಅಂಗೈ ಮೇಲೆ]

ವಾಷರ್ ಬದಲು ಇದು. 3 ಮಿಲಿಮೀಟರ್ ದಪ್ಪದ ಉಕ್ಕು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ್ದೇನೆ, ಚೂಪಾಗಿದ್ದರೆ ಜಗ್ಗುವಾಗ ಅದೇ ತಗಡನ್ನು ಸೀಳುತ್ತೆ. ಬೋಲ್ಟ್ ಸಾಮಾನ್ಯವಾಗಿ 7/16 ಇಂಚಿನದು, ಇಂಚಿಗೆ 20 ಥ್ರೆಡ್. ಬೆಲ್ಟಿನ ಜೊತೆ ಬಂದದ್ದನ್ನೇ ಹಾಕಿ, ಡಬ್ಬಿಯಲ್ಲಿ ಬಿದ್ದಿದ್ದ ಯಾವುದೋ ಬೋಲ್ಟ್ ಬೇಡ.

ಡ್ರಿಲ್ ಎತ್ತುವ ಮೊದಲು ಒಂದು ನಿಮಿಷ. ಎರಡನೇ ಮಹಾಯುದ್ಧದ ಕಾಲದ ಜೀಪು ವಿಲ್ಲಿಸ್ ಎಂಬಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದೇ ಡ್ರೈವರ್ ಸೀಟಿನ ಅಡಿ! ನಿಮ್ಮದರಲ್ಲಿ ಎಲ್ಲಿದೆ ಅಂತ ನೋಡಿಕೊಳ್ಳಿ. ಬ್ರೇಕ್ ಪೈಪನ್ನೂ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ಚಾಸಿ, ಅಂದರೆ ಬಾಡಿಯ ಅಡಿಯ ಉಕ್ಕಿನ ಚೌಕಟ್ಟು, ಗಟ್ಟಿ ಅಂತ ಬೆಲ್ಟನ್ನು ಚಾಸಿಗೆ ಕಟ್ಟುತ್ತಾರೆ, ಸೀಟು ಮಾತ್ರ ಬಾಡಿ ಮೇಲೆ. ಇವೆರಡರ ನಡುವೆ ಇರೋದು ರಬ್ಬರ್. ಜೋರಾದ ಡಿಕ್ಕಿಯಲ್ಲಿ ಬಾಡಿ ಒಂದು ಕಡೆ, ಚಾಸಿ ಒಂದು ಕಡೆ ಸರಿದರೆ ಮಧ್ಯೆ ಸಿಕ್ಕಿಕೊಳ್ಳೋದು ನೀವು. ಸೀಟು ಎಲ್ಲಿದೆಯೋ ಬೆಲ್ಟೂ ಅಲ್ಲೇ ಇರಲಿ.

[ದೃಶ್ಯ: ಟಾರ್ಪಾಲ್ ತೆಗೆದ ಜೀಪ್, ರೋಲ್ ಬಾರ್]

ಟಾರ್ಪಾಲಿನ ಗಾಡಿಯಲ್ಲಿ ಹೆಗಲಿನ ಪಟ್ಟಿಗೆ ಕಂಬವೇ ಇರೋದಿಲ್ಲ. ಕೆಲವರು ಪಟ್ಟಿಯನ್ನು ಸೀಟಿನ ಹಿಂದಿನಿಂದ ನೇರ ಫ್ಲೋರಿಗೆ ಇಳಿಸುತ್ತಾರೆ. ಬೇಡ. ಮೈ ಮುಂದಕ್ಕೆ ಹೋದಾಗ ಅದು ಹೆಗಲನ್ನು ಕೆಳಕ್ಕೆ ಅದುಮುತ್ತೆ, ಪೆಟ್ಟು ಬೆನ್ನುಮೂಳೆಗೆ. ಮೇಲಿನ ಬೋಲ್ಟ್ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ ಬರಬೇಕು. ಅದಕ್ಕೆ ಗಟ್ಟಿ ರೋಲ್ ಬಾರ್ ಬೇಕು, ಅಂದರೆ ಸೀಟಿನ ಹಿಂದೆ ಕಮಾನಿನ ಹಾಗೆ ನಿಲ್ಲುವ ಉಕ್ಕಿನ ಪೈಪ್. ಪೈಪಿಗೆ ಸುಮ್ನೆ ತೂತು ಹೊಡೆದು ಬಿಗಿದರೆ ಪೈಪ್ ಚಪ್ಪಟೆಯಾಗುತ್ತೆ. ಆರಪಾರ ಬುಶ್, ಅಂದರೆ ಬೋಲ್ಟ್ ತೂರುವ ಉಕ್ಕಿನ ಕೊಳವೆ, ಕೂರಿಸಿ ವೆಲ್ಡ್ ಮಾಡಿಸಿ.

ಹಿಂದೆ ಪಕ್ಕಕ್ಕೆ ಮುಖ ಮಾಡಿ ಕೂರುವ ಬೆಂಚುಗಳಿಗೆ ಹೆಗಲಿನ ಪಟ್ಟಿ ಹಾಕಲೇಬೇಡಿ. ಹಾಗೆ ಕೂತವರ ಕುತ್ತಿಗೆಗೇ ಅದು ಬಂದು ಕೂರುತ್ತೆ.

[ದೃಶ್ಯ: ಕೈಯಲ್ಲಿ ರೀಲ್, ನಿಧಾನವಾಗಿ ವಾಲಿಸುತ್ತಾ]

ಕೊನೆಗೆ ರೀಲ್, ಪಟ್ಟಿ ಸುತ್ತಿಕೊಳ್ಳುವ ಡಬ್ಬಿ. ನೆಟ್ಟಗೆ ಹಿಡಿದಾಗ ಪಟ್ಟಿ ಸಲೀಸಾಗಿ ಬರುತ್ತೆ. ಹೀಗೆ ವಾಲಿಸಿ... ಟಕ್. ಲಾಕ್. ಒಳಗೆ ಒಂದು ಸಣ್ಣ ಗುಂಡು ಅಥವಾ ಲೋಲಕ ಇದೆ, ವಾಲಿದರೆ ಅದು ಹಲ್ಲನ್ನು ಎತ್ತುತ್ತೆ. ಅದಕ್ಕೇ ರೀಲನ್ನು ತಯಾರಕರು ಹೇಳಿದ ಕೋನದಲ್ಲೇ ಕೂರಿಸಬೇಕು. ಕಡಿದಾದ ಇಳಿಜಾರಲ್ಲಿ ನಿಂತು ಬೆಲ್ಟ್ ಎಳೆದಾಗ ಬರಲಿಲ್ಲ ಅಂದರೆ ಕೆಟ್ಟಿದೆ ಅಂತ ಬಿಚ್ಚಬೇಡಿ. ಸಮತಟ್ಟು ಜಾಗದಲ್ಲೇ ಹಾಕಿಕೊಂಡು ಇಳಿಯಿರಿ.