ಡಾರ್ವಿನ್ ಹಿಡಿದ ಜೀರುಂಡೆಗೆ ದೊರೆತ ಹೆಸರು

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಸಂಜೆ ಟ್ಯೂಬ್‌ಲೈಟಿನ ಸುತ್ತ ಸೇರುವ ಹುಳಗಳ ನಡುವೆ, ಇರುವೆಯಂತೆ ಸಣಕಲಾದ, ಕಿತ್ತಳೆ ಮತ್ತು ಕಪ್ಪು ಬಣ್ಣದ ಕೀಟವೊಂದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಆದರೆ ಮೈಮೇಲೆ ಕೂತಾಗ ಉಜ್ಜಿಬಿಟ್ಟರೆ, ಅದರ ದೇಹದೊಳಗಿನ ಪೆಡೆರಿನ್ ಎಂಬ ವಿಷ ತಗುಲಿ ಚರ್ಮದಲ್ಲಿ ಬೊಕ್ಕೆಗಳು ಏಳುತ್ತವೆ. ಪೆಡೆರಸ್ ಎಂಬ ಕುಲದ ಈ ಕೀಟವು ರೋವ್ ಜೀರುಂಡೆಗಳ ಕುಟುಂಬಕ್ಕೆ, ಅಂದರೆ ಸ್ಟ್ಯಾಫಿಲಿನಿಡೇ ಕುಟುಂಬಕ್ಕೆ ಸೇರಿದ್ದು. ಈವರೆಗೆ ಹೆಸರು ಪಡೆದಿರುವ 60,000ಕ್ಕೂ ಹೆಚ್ಚು ಪ್ರಭೇದಗಳು ಈ ಒಂದೇ ಕುಟುಂಬದಲ್ಲಿವೆ. ಬೇರೆ ಜೀರುಂಡೆಗಳಲ್ಲಿ ಗಟ್ಟಿಯಾದ ಮುಂದಿನ ರೆಕ್ಕೆಗಳು ಹೊಟ್ಟೆಯನ್ನು ಪೂರ್ತಿ ಮುಚ್ಚಿದರೆ, ಇವುಗಳಲ್ಲಿ ಆ ರೆಕ್ಕೆಗಳು ಬಹಳ ಗಿಡ್ಡ. ಹೊಟ್ಟೆಯ ಬಹುಪಾಲು ಹೊರಗೇ ಇದ್ದು ಎತ್ತ ಬೇಕಾದರೂ ಬಾಗುತ್ತದೆ. ಹಾರಲು ಬೇಕಾದ ಹಿಂದಿನ ರೆಕ್ಕೆಗಳು ಆ ಗಿಡ್ಡ ಹೊದಿಕೆಯ ಕೆಳಗೆ ಮಡಿಕೆಯ ಮೇಲೆ ಮಡಿಕೆಯಾಗಿ ಅಡಗಿರುತ್ತವೆ.

ಇಂದು ನಾನು ಹೇಳಹೊರಟಿರುವುದು ಈ ಕುಟುಂಬದ ಒಂದು ಪ್ರಭೇದ ಬೆಳಕಿಗೆ ಬಂದ ಬಗೆಯನ್ನು. 1832ರಲ್ಲಿ, ಬೀಗಲ್ ಹಡಗಿನಲ್ಲಿ ಹೊರಟಿದ್ದ 23 ವರ್ಷದ ಚಾರ್ಲ್ಸ್ ಡಾರ್ವಿನ್ ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ ಇಳಿದರು. ಅಳಿದುಹೋದ ದೈತ್ಯ ಸಸ್ತನಿಗಳ ಮೂಳೆಗಳನ್ನು ಅವರು ಅಗೆದು ತೆಗೆದದ್ದು ಇದೇ ಕರಾವಳಿಯಲ್ಲಿ. ಆ ಮೂಳೆಗಳು ಬೇಗನೆ ಪ್ರಸಿದ್ಧವಾದವು. ಅಲ್ಲಿಯೇ ಅವರು ಹಿಡಿದ ಒಂದು ರೋವ್ ಜೀರುಂಡೆ ಮಾತ್ರ ಲಂಡನ್ನಿಗೆ ಬಂದು, ಸೂಜಿಗೆ ಚುಚ್ಚಿಸಿಕೊಂಡು, ಗುರುತಿಲ್ಲದ ಕೀಟಗಳ ಸಾಲಿನಲ್ಲಿ ಹೆಸರಿಲ್ಲದೆ ಉಳಿಯಿತು.

ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಚಟನೂಗ ಕೇಂದ್ರದಲ್ಲಿರುವ ಸ್ಟಿಲಿಯಾನೋಸ್ ಹಟ್ಜಿಮನೋಲಿಸ್ ಅವರು ಇದೇ ಕುಟುಂಬದ ಕ್ಸಾಂಥೋಪೈಜಿನಾ ಎಂಬ ಗುಂಪನ್ನು ಅಧ್ಯಯನ ಮಾಡುವವರು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ ಎರವಲು ತರಿಸಿಕೊಂಡ ಮಾದರಿಗಳ ನಡುವೆ ಅವರಿಗೆ ಈ ಜೀರುಂಡೆ ಸಿಕ್ಕಿತು. ತಲೆ ಮತ್ತು ಎದೆಯ ಭಾಗಕ್ಕೆ ಹೊಳೆಯುವ ನೀಲಿ-ಹಸಿರು ಬಣ್ಣ. ಮೀಸೆಯ ಗಿಣ್ಣುಗಳು ಗರಗಸದ ಹಲ್ಲಿನಂತೆ ಒಂದು ಬದಿಗೆ ಚಾಚಿಕೊಂಡಿದ್ದವು. ಆ ಗುಂಪಿನ ಯಾವ ಕುಲಕ್ಕೂ ಇದು ಹೊಂದಲಿಲ್ಲ.

ಹೊಂದಲಿಲ್ಲವೆಂದು ಹೇಳುವುದು ಸುಲಭವಲ್ಲ. ಹೊಸದೆನ್ನುವ ಮುನ್ನ ಅದರ ಹತ್ತಿರದ ಎಲ್ಲ ಕುಲಗಳ ಲಕ್ಷಣಗಳನ್ನೂ ತಿಳಿದಿರಬೇಕು, ಹಳೆಯ ವಿವರಣೆಗಳನ್ನು ಓದಿ ತಾಳೆ ನೋಡಬೇಕು, ಗಂಡು ಕೀಟವಾದರೆ ಅದರ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ಹೊರನೋಟಕ್ಕೆ ಒಂದೇ ತೆರನಾದ ಪ್ರಭೇದಗಳು ಎಷ್ಟೋ ವೇಳೆ ಬೇರ್ಪಡುವುದು ಆ ಒಂದು ಅಂಗದ ಆಕಾರದಿಂದ. ಕೊನೆಗೆ ಒಂದು ಮಾದರಿಯನ್ನು ಆ ಹೆಸರಿನ ಆಧಾರವೆಂದು ಘೋಷಿಸಬೇಕು; ಮುಂದೆ ಯಾರಿಗೆ ಸಂದೇಹ ಬಂದರೂ ಹೋಲಿಸಿ ನೋಡಬೇಕಾದದ್ದು ಅದನ್ನೇ. ಇಲ್ಲಿ ಆ ಸ್ಥಾನ ಸಂದದ್ದು ಡಾರ್ವಿನ್ ತಮ್ಮ ಕೈಯಾರೆ ಹಿಡಿದ ಜೀರುಂಡೆಗೆ.

2014ರ ಫೆಬ್ರವರಿ 12ರಂದು, ಅಂದರೆ ಡಾರ್ವಿನ್ನರ 205ನೆಯ ಜನ್ಮದಿನದಂದು, ಝೂಕೀಸ್ ಪತ್ರಿಕೆಯಲ್ಲಿ ಡಾರ್ವಿನಿಲಸ್ ಸೆಡಾರಿಸಿ ಎಂಬ ಹೆಸರು ಪ್ರಕಟವಾಯಿತು. ಕುಲವೂ ಹೊಸದು, ಪ್ರಭೇದವೂ ಹೊಸದು. ಕುಲದ ಹೆಸರು ಡಾರ್ವಿನ್ನರದು. ಪ್ರಭೇದದ ಹೆಸರು ಲೇಖಕ ಡೇವಿಡ್ ಸೆಡಾರಿಸ್ ಅವರದು. ಮಾದರಿಗಳನ್ನು ಸಿದ್ಧಪಡಿಸುವ ದೀರ್ಘ ಕೆಲಸದಲ್ಲಿ ಹಟ್ಜಿಮನೋಲಿಸ್ ಅವರಿಗೆ ಜೊತೆಯಾದದ್ದು ಸೆಡಾರಿಸ್ ಅವರ ಧ್ವನಿಪುಸ್ತಕಗಳಂತೆ. ಬಾನುಲಿಯಲ್ಲಿ ಮಾತನಾಡುವವರಿಗೆ ಇದು ಸಂತೋಷದ ಸಂಗತಿ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸೂಜಿಯ ಬುಡದಲ್ಲಿದ್ದ ಚೀಟಿ. ಯಾರು, ಎಲ್ಲಿ ಹಿಡಿದರು ಎಂಬ ಆ ಎರಡು ಮಾತು ಇಲ್ಲದಿದ್ದರೆ 182 ವರ್ಷಗಳ ಬಳಿಕ ಆ ಜೀರುಂಡೆ ಊರಿಲ್ಲದ ಅನಾಥ ಕೀಟವಾಗಿರುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಸ್ಥೆಗಳಲ್ಲಿ ಕೀಟಗಳನ್ನು ಚೀಟಿಸಹಿತ ಜೋಪಾನ ಮಾಡುವವರ ಕೆಲಸವನ್ನು ನಾನು ಬಹಳ ಗೌರವಿಸುವುದು ಇದೇ ಕಾರಣಕ್ಕೆ. ಹೊಸ ಪ್ರಭೇದಗಳು ಕಾಡಿನಲ್ಲಿ ಸಿಗುವಂತೆಯೇ ಆ ಪೆಟ್ಟಿಗೆಗಳಲ್ಲಿಯೂ ಸಿಗುತ್ತವೆ.

ಡಾರ್ವಿನಿಲಸ್ ಪ್ರಭೇದಕ್ಕೆ ಹೆಸರಿಡುವಾಗ ತಿಳಿದಿದ್ದದ್ದು ಎರಡೇ ಮಾದರಿಗಳು, ಎರಡೂ ಗಂಡು. ಎರಡನೆಯದು ಬರ್ಲಿನ್ನಿನ ಸಂಗ್ರಹಾಲಯದಲ್ಲಿತ್ತು. ಅದನ್ನು ಹಿಡಿದದ್ದು ಬಹಿಯಾ ಬ್ಲಾಂಕಾದಿಂದ 600 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿರುವ ರಿಯೋ ಕ್ವಾರ್ತೋದಲ್ಲಿ, 1935ಕ್ಕೂ ಮೊದಲು. ಈ ಎರಡು ಊರುಗಳ ನಡುವಿನ ಹುಲ್ಲುಗಾವಲಿನ ಬಹುಭಾಗ ಈಗ ಹೊಲವಾಗಿದೆ. ಪ್ರಭೇದ ಅಳಿದಿರಬಹುದೆಂಬ ಆತಂಕವನ್ನು ಹಟ್ಜಿಮನೋಲಿಸ್ ಅವರೂ ವ್ಯಕ್ತಪಡಿಸಿದ್ದಾರೆ. ಹಾಗಾಗಿರಬಾರದೆಂಬುದೇ ನನ್ನ ಆಸೆ. ಅಲ್ಲಿ ಉಳಿದಿರುವ ಹುಲ್ಲುಗಾವಲಿನ ತುಣುಕುಗಳಲ್ಲಿ ಹುಡುಕುವವರಿಗೆ ಈಗ ಏನನ್ನು ಹುಡುಕಬೇಕೆಂಬುದು ಗೊತ್ತಿದೆ: ನೀಲಿ-ಹಸಿರು ತಲೆ, ಗಿಡ್ಡ ರೆಕ್ಕೆ, ಗರಗಸದ ಮೀಸೆ.

ನಮಸ್ಕಾರ.