8000ಕ್ಕೆ 11, 9000ಕ್ಕೆ 22

ಕೇಳುಗರಿಗೆ ನಮಸ್ಕಾರ.

ಸಕಲೇಶಪುರದ ಕಡೆಯ ತೋಟದ ಗೌಡರೊಬ್ಬರು ಒಂದು ಡಿಸೆಂಬರ್‌ನಲ್ಲಿ ಹಾಸನದ ನಮ್ಮ ಮನೆಗೆ ಬಂದರು. ಕೈಯಲ್ಲಿ ಟವೆಲ್ ಸುತ್ತಿದ ಸರ್ಕ್ಯೂಟ್ ಬೋರ್ಡು. ಕಾಫಿ ಒಣಗಿಸುವ ಡ್ರೈಯರ್‌ನ ಬಿಸಿ ನೋಡಿಕೊಳ್ಳುವ ಬೋರ್ಡು ಅದು. ಮಳೆಗಾಲವೆಲ್ಲ ಶೆಡ್ಡಿನಲ್ಲಿ ಸುಮ್ಮನೆ ಕೂತಿತ್ತು. ಕೊಯ್ಲು ಶುರುವಾಗಿ ಸ್ವಿಚ್ ಹಾಕಿದರೆ ಒಂದು ದೀಪವೂ ಇಲ್ಲ.

"ಮೇಷ್ಟ್ರೇ, ಹಣ್ಣು ಸಿಪ್ಪೆ ಬಿಡಿಸೋ ಪಲ್ಪರ್‌ಗೆ ಹೋಗಿಯಾಗಿದೆ. ಒದ್ದೆ ಬೀಜ ಎಷ್ಟು ದಿನ ಇಟ್ಕೊಳ್ಳಲಿ?" ಅಂದರು. ನಿಜವೇ. ಒಣಗದ ಬೀಜಕ್ಕೆ ಬೂಸ್ಟು ಹಿಡಿಯುತ್ತದೆ. ಹೊಸ ಬೋರ್ಡ್ ತರೋಣವೆಂದರೆ ಈಗ ಅದನ್ನು ಯಾರೂ ಮಾಡುತ್ತಿಲ್ಲ.

ಬೋರ್ಡಿನ ನಡುವೆ ಇದ್ದದ್ದು 8085. 1976ರಲ್ಲಿ ಬಂದ ಎಂಟು ಬಿಟ್‌ನ ಮೈಕ್ರೋಪ್ರೊಸೆಸರ್. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಎಷ್ಟೋ ವರ್ಷ ಅದನ್ನೇ ಹೇಳಿಕೊಟ್ಟವನು ನಾನು. ಹಳೇ ನೆಂಟ ಸಿಕ್ಕ ಹಾಗಾಯಿತು.

ಚಿಪ್‌ಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗುವುದು ನನಗೆ ಹಿಡಿಸುವುದಿಲ್ಲ. ಬೋರ್ಡನ್ನೇ ಕೇಳಬೇಕು. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಇದೆ, ಮಾನಿಟರ್ ಅಂತ ಕರೆಯುತ್ತೇವೆ. ಟಿವಿ ಥರದ ಮಾನಿಟರ್ ಅಲ್ಲ. ನನ್ನದು 2 ಕೆಬಿಯೊಳಗೇ ಮುಗಿಯುತ್ತದೆ. ಅದನ್ನು ಕರೆಂಟ್ ಹೋದರೂ ಬರೆದದ್ದು ಉಳಿಸಿಕೊಳ್ಳುವ ಎಪ್ರಾಮ್ ಚಿಪ್‌ಗೆ ಬರೆದು, ಬೋರ್ಡಿನ ಮೂಲ ಪ್ರೋಗ್ರಾಂ ಚಿಪ್ ಕಿತ್ತು ಆ ಜಾಗಕ್ಕೆ ಹಾಕಿದೆ. ಎಪ್ರಾಮ್ ಬೆನ್ನಿನ ಮೇಲೆ ಗಾಜಿನ ಕಿಟಕಿ ಇರುತ್ತದೆ. ಅದಕ್ಕೆ ಸ್ಟಿಕ್ಕರ್ ಅಂಟಿಸುವುದನ್ನು ಮಾತ್ರ ಮರೆಯಬೇಡಿ. ಬಿಸಿಲಲ್ಲಿ ಇಟ್ಟರೆ ಬರೆದದ್ದು ಮೆಲ್ಲಗೆ ಅಳಿಸಿಹೋಗುತ್ತದೆ.

8085ಕ್ಕೆ ಇನ್ನೊಂದು ಗುಣವಿದೆ. ಒಂದೊಂದೇ ಬಿಟ್, ಅಂದರೆ ಒಂದು ಸೊನ್ನೆ ಇಲ್ಲವೇ ಒಂದು, ಕಳಿಸಲು ಒಂದು ಕಾಲು (ಪಿನ್), ತೆಗೆದುಕೊಳ್ಳಲು ಇನ್ನೊಂದು ಕಾಲು ಅದರ ಮೈಯಲ್ಲೇ ಇವೆ. ಆ ಎರಡು ಕಾಲು ಮತ್ತು ಗ್ರೌಂಡ್, ಒಟ್ಟು ಮೂರು ತಂತಿ, ನಡುವೆ ಒಂದು ಸೀರಿಯಲ್ ಪರಿವರ್ತಕ ಇಟ್ಟು, ಲ್ಯಾಪ್‌ಟಾಪಿಗೆ ಎಳೆದೆ. ಕರೆಂಟ್ ಕೊಟ್ಟ ಕೂಡಲೇ ಪರದೆಯ ಮೇಲೆ ಒಂದು ಚುಕ್ಕೆ ಬಂತು. "ಹೇಳಿ, ಏನು ಮಾಡಲಿ" ಅಂದ ಹಾಗೆ. ಗೌಡರಿಗೆ ಅದೇನು ಅನ್ನಿಸಿತೋ, ನನಗಂತೂ ಜೀವ ಬಂತು. ಪ್ರೊಸೆಸರ್ ಬದುಕಿದೆ, ಗಡಿಯಾರದ ಹರಳು ಬಡಿಯುತ್ತಿದೆ.

ಮುಂದಿನ ಸರದಿ, ಪ್ರೊಸೆಸರ್ ಕೆಲಸದ ನಡುವೆ ಬರೆದು ಓದುವ ನೆನಪಿನ ಚಿಪ್, ರ‍್ಯಾಮ್. ಇಲ್ಲೊಂದು ತೊಡಕಿದೆ. ಪ್ರೋಗ್ರಾಂ ಬೇರೆ ಕೆಲಸಕ್ಕೆ ಹೋಗುವಾಗ ವಾಪಸ್ ಬರುವ ದಾರಿಯನ್ನು ರ‍್ಯಾಮ್‌ನಲ್ಲೇ ಗುರುತು ಹಾಕಿಟ್ಟು ಹೋಗುತ್ತದೆ. ಆ ರ‍್ಯಾಮೇ ಕೆಟ್ಟಿದ್ದರೆ ಹೋದದ್ದು ಬರುವುದಿಲ್ಲ. ಹಾಗಾಗಿ ರ‍್ಯಾಮ್ ನೋಡುವ ಭಾಗವನ್ನು ರ‍್ಯಾಮ್ ಮುಟ್ಟದೆ, ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳಲ್ಲೇ ಮುಗಿಯುವಂತೆ ಬರೆಯಬೇಕು. ಬರೆಯಲು ಬೇಜಾರು, ಉದ್ದವಾಗುತ್ತದೆ, ಆದರೆ ಬೇರೆ ದಾರಿ ಇಲ್ಲ.

ಅದನ್ನು ಓಡಿಸಿದೆ. ಪ್ರತಿ ಜಾಗಕ್ಕೂ ಸೊನ್ನೆ ಒಂದು ಸೊನ್ನೆ ಒಂದು ಅಂತ ಬರೆದು ಓದುತ್ತದೆ. ಆಮೇಲೆ ಅದನ್ನೇ ತಿರುವು ಮಾಡಿ, ಒಂದು ಸೊನ್ನೆ ಒಂದು ಸೊನ್ನೆ. ಯಾವುದಾದರೂ ಬಿಟ್ ಸದಾ ಒಂದಕ್ಕೇ ಅಂಟಿಕೊಂಡಿದ್ದರೆ ಎರಡರಲ್ಲಿ ಒಂದು ಸುತ್ತಿಗೆ ಸಿಕ್ಕಿಬೀಳಲೇಬೇಕು. ಉತ್ತರ ಬಂತು: ಎಲ್ಲ ಸರಿ.

ಸರಿ ಅಂದರೆ ಡ್ರೈಯರ್ ಯಾಕೆ ಓಡಲಿಲ್ಲ? ಒಂದು ಕಾಫಿ ಕುಡಿದು ಯೋಚಿಸಿದೆ. ಬೀದಿಯ ಎಲ್ಲ ಮನೆಗೂ ಒಂದೇ ಥರದ ಕಾಗದ ಹಂಚಿದರೆ, ಪೋಸ್ಟ್‌ಮ್ಯಾನ್ ಈ ಮನೆಯದನ್ನು ಆ ಮನೆಗೆ ಹಾಕಿದ್ದು ಗೊತ್ತಾಗುತ್ತದಾ? ಇಲ್ಲ, ಅಲ್ವಾ? ನಾನು ಮಾಡಿದ್ದು ಅದೇ.

ಈ ಸಲ ಕೈಯಿಂದಲೇ ಟೈಪ್ ಮಾಡಿದೆ. 8000ನೇ ಜಾಗಕ್ಕೆ 11 ಬರೆ. 9000ನೇ ಜಾಗಕ್ಕೆ 22 ಬರೆ. ಈಗ 8000 ಓದು. ಪರದೆಯ ಮೇಲೆ ಬಂದದ್ದು 22!

ಈ ವಿಳಾಸಗಳು ಹತ್ತರ ಲೆಕ್ಕದವಲ್ಲ, ಹದಿನಾರರ ಲೆಕ್ಕದವು (ಹೆಕ್ಸಾಡೆಸಿಮಲ್). ನಮ್ಮ ಹತ್ತರ ಲೆಕ್ಕಕ್ಕೆ ತಂದರೆ ಇವೆರಡಕ್ಕೂ ನಡುವೆ ಇರುವ ದೂರ 4096. ಯಾವ ಜಾಗ ಬೇಕೆಂದು ಪ್ರೊಸೆಸರ್ ಹೇಳುವುದು ಅಡ್ರೆಸ್ ಗೆರೆಗಳ ಮೇಲೆ. ಎರಡನ್ನೂ ಬೇರೆ ಮಾಡುವುದು ಅದರಲ್ಲಿ ಒಂದೇ ಒಂದು ಗೆರೆ, ಎ12. ಅದು ಸದಾ ಸೊನ್ನೆಯಲ್ಲೇ ಕೂತಿದೆ. ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. ಮೂಲ ಪ್ರೋಗ್ರಾಂ 8 ಕೆಬಿಯದು. ಅದರ ಮೇಲಿನ ಅರ್ಧ ಪ್ರೊಸೆಸರ್‌ಗೆ ಸಿಗುತ್ತಲೇ ಇರಲಿಲ್ಲ. ನನ್ನ ಮಾನಿಟರ್ ಕೆಳಗಿನ ಅರ್ಧದಲ್ಲೇ ಮುಗಿದದ್ದರಿಂದ ಬದುಕಿತು. ದೊಡ್ಡದಾಗಿ ಬರೆದಿದ್ದರೆ ಅದೂ ಸಾಯುತ್ತಿತ್ತು!

ಮೀಟರ್ ಇಟ್ಟು ನೋಡಿದೆ. ಎ12ಕ್ಕೂ ಗ್ರೌಂಡ್‌ಗೂ ನಡುವೆ ಶಾರ್ಟ್. ಭೂತಕನ್ನಡಿ ಹಿಡಿದರೆ ರ‍್ಯಾಮ್ ಸಾಕೆಟ್ ಅಡಿಯಲ್ಲಿ ಹಸಿರು ಕಿಲುಬು, ಎರಡು ಗೆರೆಗಳ ನಡುವೆ ಸೇತುವೆ ಕಟ್ಟಿತ್ತು. ಮಲೆನಾಡಿನ ಥಂಡಿಗೆ ತಾಮ್ರ ಯಾವ ಲೆಕ್ಕ? ಹಳೇ ಟೂತ್‌ಬ್ರಶ್‌ಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿದೆ. ಮತ್ತೆ ಬರೆದು ಓದಿದರೆ 8000ದಲ್ಲಿ 11, 9000ದಲ್ಲಿ 22.

ಹಳೇ ಚಿಪ್ ವಾಪಸ್ ಹಾಕಿದೆ. ಬೋರ್ಡಿನ ದೀಪ ಹತ್ತಿತು. ಗೌಡರು ಪರ್ಸು ತೆಗೆದರು.

"ಯಾವ ಚಿಪ್ ಹೋಗಿತ್ತು ಮೇಷ್ಟ್ರೇ? ಎಷ್ಟಾಯ್ತು?"

"ಯಾವ ಚಿಪ್ಪೂ ಹೋಗಿರಲಿಲ್ಲ ಗೌಡ್ರೇ. ಹಲ್ಲುಜ್ಜೋ ಬ್ರಶ್ಶಲ್ಲಿ ಸರಿಹೋಯ್ತು."

ಅವರು ಬೋರ್ಡನ್ನೂ ನನ್ನನ್ನೂ ಒಂದು ಸಲ ನೋಡಿದರು. "ಹಾಗಾದ್ರೆ ಬ್ರಶ್ಶಿನ ದುಡ್ಡು ತಗೊಳ್ಳಿ" ಅಂದರು.

ನಮಸ್ಕಾರ.